‘ಇಲ್ಲ’ ಅನ್ನದ ಮಾವ

ಮೊನ್ನೆ ಸೂಲೂರಿನ ಇಸ್ತ್ರಿ ಅಂಗಡಿಯಲ್ಲಿ, ಗಂಜಿ ಹಾಕಿದ ಪಂಚೆಯ ಮೇಲೆ ಬಿಸಿ ಪೆಟ್ಟಿಗೆ ಓಡಿತು. ಆ ವಾಸನೆಗೆ ಪಕ್ಕದ ಮನೆ ಮಾವ ನೆನಪಾದರು... ಇಪ್ಪತ್ತು ವರ್ಷವಾದರೂ ಆಗಿರಬೇಕು.

ನಮ್ಮದು ನೇಕಾರರ ಬೀದಿ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಮಾವನಿಗೂ ನಮಗೂ ರಕ್ತಸಂಬಂಧವೇನಿರಲಿಲ್ಲ; ನಡುವೆ ಒಂದು ಗೋಡೆ, ಅಷ್ಟೇ. ಅವರಿಗೊಂದು ಹುಚ್ಚು, ವರ್ಷಕ್ಕೊಂದು ಕೆಟ್ಟ ಗುಣ ಬಿಡುವುದು. ಒಂದು ಯುಗಾದಿಗೆ ನಶ್ಯ ಬಿಟ್ಟರು, ಮುಂದಿನದಕ್ಕೆ ಸಿಟ್ಟು. ಸಿಟ್ಟು ಬಿಟ್ಟ ವರ್ಷ ಅವರನ್ನು ರೇಗಿಸುವುದೇ ನಮಗೆಲ್ಲ ಕೆಲಸವಾಗಿತ್ತು. ಪುಣ್ಯಾತ್ಮ, ತುಟಿ ಬಿಚ್ಚಲಿಲ್ಲ. ಮೂರನೆಯ ವರ್ಷ, ಯಾರು ಕರೆದರೂ ‘ಇಲ್ಲ’ ಅನ್ನುವುದನ್ನೇ ಬಿಟ್ಟರು.

ಬೀದಿಗೆ ಅನುಕೂಲವೇ ಆಯಿತು. ಪಾವು ಹಾಕುವುದೆಂದರೆ ಸೀರೆಯ ಹಾಸುನೂಲನ್ನು ಬೀದಿಯುದ್ದ ಎಳೆದು ಕಟ್ಟಿ, ಗಂಜಿ ಬಳಿದು, ಬಿಸಿಲೇರುವ ಮೊದಲು ಬ್ರಷ್ಷಿನಲ್ಲಿ ಉಜ್ಜಿ ಒಣಗಿಸುವುದು. ನಡುವೆ ಕೈ ನಿಂತರೆ ಎಳೆಗಳು ಅಂಟಿಕೊಂಡು ಇಡೀ ಪಾವು ಹಾಳು. ಒಂದು ಮನೆಯವರಿಂದ ಆಗುವ ಕೆಲಸವಲ್ಲ. ಎಲ್ಲರ ಪಾವಿಗೂ ಮಾವನೇ ಮೊದಲು ಬರುತ್ತಿದ್ದರು.

ಅವತ್ತು ಬೆಳಿಗ್ಗೆ ನಮ್ಮ ಮನೆ ಪಾವು. ಗಂಜಿ ಬಳಿದಾಗಿತ್ತು. ಅತ್ತೆ, ಅಂದರೆ ಮಾವನ ಹೆಂಡತಿ, ಜಗಲಿಗೆ ಬಂದು ಕಂಬ ಹಿಡಿದು ನಿಂತರು.

“ಏನೋ ಕೈಯೆಲ್ಲ ಜೋಮು ಹಿಡ್ದಂಗದೆ. ಬನ್ನಿ, ಆಸ್ಪತ್ರಿಗೆ ಹೋಗ್ಬುಟ್ಟು ಬರಾಣ.”

“ಇವರ ಪಾವಿಗೆ ಗಂಜಿ ಬಳ್ದಾಗದೆಯಲ್ಲ. ಒಂದು ಗಂಟೆ, ಬಂದ್ಬುಟ್ಟೆ,” ಅಂದರು ಮಾವ.

ಪಾವು ಚೆನ್ನಾಗಿಯೇ ಬಂತು. ಮಾವ ಮನೆಯೊಳಗೆ ಹೋಗಿ ನೋಡಿದರೆ ಅತ್ತೆ ನೆಲದ ಮೇಲೆ ಬಿದ್ದಿದ್ದರು. ಜೀವ ಉಳಿಯಿತು. ಬಲಗೈ, ಮಾತು ಎರಡೂ ಹೋದವು.

ಆಮೇಲೆ ಮಾವ ಯಾರ ಪಾವಿಗೂ ಬರಲಿಲ್ಲ. ಅತ್ತೆಗೆ ತಲೆ ಬಾಚುತ್ತ, ಅನ್ನ ತಿನ್ನಿಸುತ್ತ ಪಕ್ಕದಲ್ಲೇ ಕೂತಿರುತ್ತಿದ್ದರು. ಒಮ್ಮೆ ಅಪ್ಪನೇ ಹೋಗಿ ಕರೆದರು. “ಇಲ್ಲಪ್ಪಾ” ಅಂದರಂತೆ. ಅಪ್ಪ ಮನೆಗೆ ಬಂದು, “ಎಂಥಾ ಮನುಷ್ಯ, ಹೆಂಗೆ ಕೆಟ್ಟೋದ ನೋಡು” ಅಂದರು. ಬೀದಿಯವರೂ ಹಾಗೇ ಅಂದರು. ನಾನೂ ಹೂಂಗುಟ್ಟಿದೆ.

ಈಗ ಇಬ್ಬರೂ ಇಲ್ಲ. ಬೀದಿಯ ತುಂಬ ಪವರ್‌ಲೂಮು. ಪರೋಪಕಾರಕ್ಕೂ ಒಂದು ಎಲ್ಲೆ ಬೇಕು, ಪಾಪ, ಮಾವನಿಗದು ತಿಳಿಯಲಿಲ್ಲ ಎಂದು ಎಷ್ಟೋ ಜನರ ಮುಂದೆ ದೊಡ್ಡದಾಗಿ ಹೇಳಿದ್ದೇನೆ... ಆದರೆ ಅತ್ತೆ ಕರೆದದ್ದು ನಮಗೆಲ್ಲ ಕೇಳಿಸಿತ್ತು. ನಾನೇನು ಸಣ್ಣವನಲ್ಲ, ಮೂವತ್ತು ತುಂಬಿತ್ತು. “ಪಾವು ಹಾಳಾದರೆ ಆಗಲಿ, ನೀವು ಹೋಗಿ ಮಾವ” ಎಂದು ನಮ್ಮ ಮನೆಯಲ್ಲಿ ಒಬ್ಬರೂ ಅನ್ನಲಿಲ್ಲ.