ಲೊರೇನ್ ಆರಿಸಿದ ಪೆಟ್ಟಿಗೆ

ಲೊರೇನ್ ಆಕ್ಸ್‌ಟಬಿ ಮತ್ತು ನಾನು ಹೆಸಲ್ ರಸ್ತೆಯ ಮೀನಿನ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಒಂದೇ ಮೇಜಿನ ಎದುರುಬದುರು ನಿಂತು ಮೀನಿನ ಮುಳ್ಳು ತೆಗೆದವರು. ಅವಳ ಕೈ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಕಾರ್ಖಾನೆ ಮುಚ್ಚಿದ ಮೇಲೆ ನಾನು ಮನೆಮನೆಗೆ ಹೋಗಿ ಕೈಲಾಗದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದೆ. ಅವಳಿಗೆ ಆ ಹೊತ್ತಿಗಾಗಲೇ ನರಗಳ ಕಾಯಿಲೆ ಹಿಡಿದಿತ್ತು. ಮೊದಲು ಎಡಗಾಲು ಹೋಯಿತು, ಆಮೇಲೆ ಬಲಗಾಲು. ಐವತ್ತಾರಕ್ಕೆ ಅವಳು ಗಾಲಿಕುರ್ಚಿಗೆ ಬಂದಳು. ಗಂಡ ಬಿಟ್ಟುಹೋಗಿ ಎಷ್ಟೋ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಇದ್ದವನು ತಮ್ಮ ಕ್ಲೈವ್ ಒಬ್ಬನೇ, ಅವನೂ ಊರಿನ ಆಚೆ ತುದಿಯಲ್ಲಿ, ನದಿಯ ಆ ಕಡೆ.

ದಿನಕ್ಕೆ ನಾಲ್ಕು ಸಲ ನಮ್ಮವರು ಯಾರಾದರೂ ಅವಳ ಮನೆಗೆ ಹೋಗಬೇಕು ಎಂದು ತೀರ್ಮಾನವಾಯಿತು. ಹೆಚ್ಚಾಗಿ ಹೋಗುತ್ತಿದ್ದವಳು ನಾನೇ. ಎದ್ದು ಬಂದು ಬಾಗಿಲು ತೆಗೆಯುವುದು ಅವಳಿಂದ ಆಗದ ಮಾತು. ಹಾಗಾಗಿ ಹೊರಗೋಡೆಗೆ ಒಂದು ಪೆಟ್ಟಿಗೆ ಹಾಕಿಸಿ, ಅದರೊಳಗೆ ಬೀಗದಕೈ ಇಡಿ, ನಂಬರು ನಮಗೆ ತಿಳಿಸಿ ಎಂದು ನಮ್ಮ ಆಫೀಸಿನವರು ಕಾಗದ ಬರೆದರು. ಎಂಥ ಪೆಟ್ಟಿಗೆ ಎಂದು ಅದರಲ್ಲಿ ಬರೆದಿರಲಿಲ್ಲ.

ಕ್ಲೈವ್ ಕೆಟ್ಟವನಲ್ಲ. ಆದರೆ ಯಾವ ಕೆಲಸವಾದರೂ ಮುಗಿದರೆ ಸಾಕು ಎನ್ನುವವನು. ಶನಿವಾರ ಅಂಗಡಿಗೆ ಹೋಗಿ ಕಣ್ಣಿಗೆ ಮೊದಲು ಬಿದ್ದದ್ದನ್ನು ತಂದ. ಮುಂಬಾಗಿಲ ಪಕ್ಕದಲ್ಲೇ, ಬೀದಿಗೆ ಕಾಣುವ ಹಾಗೆ, ಎರಡು ಇಟ್ಟಿಗೆಗಳ ನಡುವಿನ ಗಾರೆಯಲ್ಲಿ ತೂತು ಕೊರೆದು ಎರಡು ಸ್ಕ್ರೂ ಹಾಕಿದ. ಗಾರೆಯಲ್ಲಾದರೆ ಕೊರೆಯುವುದು ಸುಲಭ. ನಂಬರು ಅವಳು ಹುಟ್ಟಿದ ಇಸವಿ. ಗಟ್ಟಿ ಇದೆಯೇನೋ ಎಂದು ನಾನು ಕೇಳಿದ್ದಕ್ಕೆ, "ಪೆಟ್ಟಿಗೆ ಅಂದ್ರೆ ಪೆಟ್ಟಿಗೆ. ಅಲ್ಲಿ ರಾಣಿಯ ಒಡವೆ ಇಡ್ತೀವಾ?" ಎಂದ. ನಾನೂ ಸುಮ್ಮನಾದೆ. ಅದಕ್ಕೆ ನನ್ನ ಮೇಲೂ ನನಗೆ ಸಿಟ್ಟಿದೆ.

ಎಂಟು ತಿಂಗಳಲ್ಲಿ ಪೆಟ್ಟಿಗೆಯ ಮೇಲಿನ ಅಂಕಿಯ ಗುಂಡಿಗಳಲ್ಲಿ ನಾವು ಒತ್ತುವ ನಾಲ್ಕು ಮಾತ್ರ ಸವೆದು ಬೆಳ್ಳಗಾದವು. ಆ ಜಾತಿಯ ಪೆಟ್ಟಿಗೆಯಲ್ಲಿ ಯಾವುದನ್ನು ಮೊದಲು ಒತ್ತಬೇಕೆಂಬ ಲೆಕ್ಕವೂ ಇಲ್ಲ. ಸರಿಯಾದ ನಾಲ್ಕು ಒತ್ತಿದರೆ ಸಾಕು, ತೆರೆದುಕೊಳ್ಳುತ್ತದೆ. ನಮಗೆ ಯಾರಿಗೂ ಅದು ಗೊತ್ತಿರಲಿಲ್ಲ. ಗೊತ್ತಿದ್ದವನೊಬ್ಬ ಅಕ್ಟೋಬರಿನ ಒಂದು ಬೆಳಿಗ್ಗೆ, ಹನ್ನೊಂದು ಗಂಟೆಗೆ, ಆ ಬೀದಿಯಲ್ಲಿ ಬಂದ.

ಲೊರೇನ್ ಗಾಲಿಕುರ್ಚಿಯಲ್ಲಿ ಕೂತು ರೇಡಿಯೋ ಕೇಳುತ್ತಿದ್ದಳಂತೆ. ಗುಂಡಿ ಒತ್ತಿದ ಸದ್ದು, ಬಾಗಿಲು ತೆರೆದ ಸದ್ದು ಕೇಳಿತು. "ನಾನೇ ಕಣಮ್ಮಾ" ಎಂದು ಒಂದು ಗಂಡು ದನಿ. ನಾವು ದಿನಾ ಹೇಳಿಕೊಂಡು ಒಳಗೆ ಬರುವ ಮಾತೇ ಅದು. ಯಾರೋ ಹೊಸಬನನ್ನು ಕಳಿಸಿದ್ದಾರೆ ಎಂದುಕೊಂಡು, ನೀರು ಕಾಯಿಸು, ಚಹಾ ಮಾಡಿಕೋ ಎಂದಳು. ಬಂದವನಿಗೆ ನಲವತ್ತರ ಮೇಲಿರಬಹುದು, ಕೊರಳಲ್ಲಿ ಗುರುತಿನ ಚೀಟಿಯಂಥದೇನೋ ಇತ್ತು. ನೋವಿನ ಮಾತ್ರೆ ಎಲ್ಲಿಟ್ಟಿದ್ದೀರಿ ಎಂದು ಮರ್ಯಾದೆಯಿಂದಲೇ ಕೇಳಿದ. ಅವಳು ಹೇಳಿದಳು. ಆಮೇಲೆ ಅವನು ಮೇಜಿನ ಮೇಲಿದ್ದ ಫೋನನ್ನು ಜೇಬಿಗೆ ಹಾಕಿಕೊಂಡಾಗ ಅವಳಿಗೆ ವಿಷಯ ತಿಳಿಯಿತು. ಅವನು ಗಾಲಿಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿ, ಅವಳ ಕೈಗೆ ಎಟುಕದ ಹಿಂದಿನ ತಡೆ ಹಾಕಿ, "ಈ ಕಡೆ ನೋಡ್ತಾ ಇರಿ, ಹತ್ತು ನಿಮಿಷದ ಕೆಲ್ಸ" ಎಂದನಂತೆ.

ಮಾತ್ರೆ ಹೋಯಿತು, ಅವಳ ಅಮ್ಮನ ಮದುವೆಯ ಉಂಗುರ ಹೋಯಿತು. ಮಧ್ಯಾಹ್ನ ಹನ್ನೆರಡೂವರೆಗೆ ನಾನು ಹೋದಾಗ ಅವಳು ಇನ್ನೂ ಗೋಡೆ ನೋಡುತ್ತಾ ಕೂತಿದ್ದಳು. ಕೆಳಗಿನ ಬಟ್ಟೆ ಒದ್ದೆಯಾಗಿತ್ತು. ಎಂದಿನಂತೆ "ನಾನೇ ಕಣೇ" ಎಂದುಕೊಂಡು ಒಳಗೆ ಹೋದೆ. ಅವಳು ಕಿರುಚಿದಳು. ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಅವಳು ಕಿರುಚಿದ್ದು ನಾನು ಕೇಳಿರಲಿಲ್ಲ.

ಪೆಟ್ಟಿಗೆ ಮುರಿದಿರಲಿಲ್ಲ. ಹಾಗಾಗಿ ನಂಬರು ಗೊತ್ತಿದ್ದವರೇ ಯಾರೋ ಮಾಡಿದ್ದು ಎಂದಾಯಿತು. ಪೊಲೀಸರು ನನ್ನನ್ನು ಎರಡು ಸಲ ಕರೆದು ಕೇಳಿದರು. ಆಫೀಸಿನವರು ನನ್ನನ್ನು ಆ ಮನೆಯಿಂದ ತೆಗೆದರು. ಕ್ಲೈವ್ ಮೀನಂಗಡಿಯ ಸಾಲಿನಲ್ಲಿ ನನ್ನನ್ನು ಕಂಡು ಮುಖ ತಿರುಗಿಸಿದ. ಲೊರೇನ್ ಮಾತ್ರ ಪೊಲೀಸರಿಗೂ ಆಫೀಸಿಗೂ ನನ್ನ ಹೆಸರು ಹೇಳಿ ಒಂದೇ ಮಾತು ಅಂದಳಂತೆ, "ಜೆನಿಸ್‌ಳ ಬಾಯಿಂದ ಸುದ್ದಿ ಹೊರಗೆ ಹೋಗುವುದಿದ್ದರೆ ಕಾರ್ಖಾನೆಯಲ್ಲೇ ನನ್ನ ಮಾನ ಹೋಗಿರುತ್ತಿತ್ತು" ಎಂದು. ಆದರೂ ನನ್ನನ್ನು ವಾಪಸು ಹಾಕಲಿಲ್ಲ.

ಅವಳು ಪೆಟ್ಟಿಗೆಯನ್ನು ಕೀಳಿಸಿ ಕಸಕ್ಕೆ ಹಾಕಿಸಿದಳು. ಇನ್ನು ಮೇಲೆ ಬೀಗದಕೈ ಕ್ಲೈವ್ ಹತ್ತಿರವೇ ಇರಲಿ ಎಂದಳು. ಅವನು ಕೆಲಸಕ್ಕೆ ಹೋಗುವ ಮೊದಲು ಬಂದು ನಮ್ಮವರನ್ನು ಒಳಗೆ ಬಿಡುವುದು, ಸಂಜೆ ಮತ್ತೆ ಬರುವುದು, ನಡುವಿನ ಎರಡು ಸರದಿ ಬೇಡ. ಮಧ್ಯಾಹ್ನದ ಊಟಕ್ಕೆ ತೊಡೆಯ ಮೇಲೆ ಒಂದು ಡಬ್ಬಿ. ಮೂರು ತಿಂಗಳು ಹಾಗೇ ನಡೆಯಿತು. ಫೆಬ್ರವರಿಯ ಒಂದು ಬೆಳಿಗ್ಗೆ ಕ್ಲೈವ್‌ಗೆ ಜ್ವರ, ಎಚ್ಚರವೇ ಆಗಲಿಲ್ಲ. ನಮ್ಮವಳು ಬಾಗಿಲು ಬಡಿದಳು, ಅವನ ಫೋನಿಗೆ ಕರೆ ಮಾಡಿದಳು, ಕೊನೆಗೆ ಟಪ್ಪಾಲು ಕಿಂಡಿಯಲ್ಲಿ ಬಗ್ಗಿ ನೋಡಿದಳು. ಲೊರೇನ್ ಹಾಸಿಗೆಯಿಂದ ಬಿದ್ದು ನೆಲದಲ್ಲಿದ್ದಳು. ಬಿದ್ದದ್ದು ಹಿಂದಿನ ಸಂಜೆ. ಕಳ್ಳತನವಾದ ಮೇಲೆ ಕೊಟ್ಟಿದ್ದ, ಸಹಾಯಕ್ಕೆ ಕರೆಯಲು ಕೊರಳಿಗೆ ಹಾಕಿಕೊಳ್ಳಬೇಕಾದ ಗುಂಡಿ ಮಂಚದ ಸರಳಿಗೆ ನೇತಾಡುತ್ತಿತ್ತು. ಅಗ್ನಿಶಾಮಕದವರು ಬಾಗಿಲು ಒಡೆದು ಅವಳನ್ನು ಎತ್ತಿದರು.

ಆಸ್ಪತ್ರೆಯಿಂದ ಅವಳು ನನಗೆ ಹೇಳಿಕಳಿಸಿದಳು. ಕೆಲಸದ ಮೇಲಲ್ಲ, ಗೆಳತಿಯಾಗಿ ಹೋದೆ. ಮುಖ ಊದಿಕೊಂಡಿತ್ತು, ಒಂದು ಕೆನ್ನೆ ಪೂರ್ತಿ ಕಪ್ಪು.

"ಈ ಸಲ ಪೆಟ್ಟಿಗೆ ನಾನೇ ಆರಿಸ್ತೀನಿ ಕಣೇ," ಎಂದಳು. "ನಿನಗೆ ತಿಳಿದವರು ಯಾರಾದ್ರೂ ಇದ್ರೆ ಕರ್ಕೊಂಡು ಬಾ. ಕ್ಲೈವ್ ಬೇಡ."

ನನಗೆ ಗೊತ್ತಿದ್ದವರು ಗಾರ್ಬಟ್ ಎಂಬ ಮುದುಕರು. ನಲವತ್ತು ವರ್ಷ ಬೀಗದ ಕೆಲಸ ಮಾಡಿದವರು. ಅವಳು ಮನೆಗೆ ಬಂದ ವಾರ ಮೂರು ಬಗೆಯ ಪೆಟ್ಟಿಗೆಗಳನ್ನು ತಂದು ಅವಳ ಮುಂದೆ ಇಟ್ಟರು. ಅವಳು ಕೋಟು ಹಾಕಿಕೊಂಡು ಬಾಗಿಲಲ್ಲಿ ಕೂತು ಒಂದೊಂದನ್ನೂ ತೊಡೆಯ ಮೇಲೆ ಇರಿಸಿಕೊಂಡು ನೋಡಿದಳು. ಮೊದಲನೆಯದು ಕೈಗೆ ಹಗುರ. ಅದರ ಮುಚ್ಚಳದ ಸಂದಿಗೆ ಸ್ಕ್ರೂಡ್ರೈವರ್ ಹಾಕಿ ಮೀಟಿ ಎಂದಳು. ಗಾರ್ಬಟ್ ಮೀಟಿದರು, ಮುಚ್ಚಳ ಸಾರ್ಡೀನ್ ಡಬ್ಬದ ಹಾಗೆ ಎದ್ದು ಬಂತು. ಎರಡನೆಯದು ಗಟ್ಟಿಯೇ, ಆದರೆ ಗುಂಡಿಗಳ ಮೇಲೆ ಮುಚ್ಚುಗೆ ಇರಲಿಲ್ಲ. ಸಮುದ್ರದ ಗಾಳಿಗೆ ಎರಡು ಚಳಿಗಾಲದಲ್ಲಿ ತುಕ್ಕು ಹಿಡಿಯುತ್ತದೆ ಎಂದರು. ಮೂರನೆಯದು ದಪ್ಪ ಲೋಹದ್ದು, ಮುರಿಯಲು ನೋಡಿ ಪರೀಕ್ಷಿಸಿದ್ದು, ಪೊಲೀಸರು ಒಪ್ಪಿದ ಗುರುತು ಇತ್ತು. ಗುಂಡಿಗಳಿಗೆ ಮುಚ್ಚುಗೆ, ಗೋಡೆಗೆ ನಾಲ್ಕು ಬೋಲ್ಟು.

"ಇದನ್ನೂ ಮುರೀತಾರಾ?" ಎಂದು ಕೇಳಿದಳು.

"ಟೈಮ್ ಕೊಟ್ರೆ ಏನನ್ನ ಬೇಕಾದ್ರೂ ಮುರೀತಾರೆ ತಾಯಿ," ಎಂದರು ಗಾರ್ಬಟ್. "ಇದಕ್ಕೆ ಟೈಮ್ ಬೇಕು, ಸದ್ದೂ ಆಗುತ್ತೆ. ಅಷ್ಟು ಹೊತ್ತು ನಿಮ್ಮ ಗೋಡೆ ಹತ್ರ ನಿಂತ್ಕೊಳ್ಳೋಕೆ ಕಳ್ಳನಿಗೆ ಧೈರ್ಯ ಸಾಲಲ್ಲ."

ಗಾರೆಯಲ್ಲಲ್ಲ, ಇಟ್ಟಿಗೆಯ ನಟ್ಟನಡುವೆ ಕೊರೆಯಬೇಕು ಎಂದು ಅವರು ಹೇಳಿದರು. ಬೀದಿಗೆ ಕಾಣದ ಹಾಗೆ, ಪಕ್ಕದ ಓಣಿಯ ಗೋಡೆಯಲ್ಲಿ, ಆದರೆ ಕತ್ತಲಲ್ಲೂ ಕೈಗೆ ಸಿಗುವ ಎತ್ತರದಲ್ಲಿ. ನಂಬರು ಹುಟ್ಟಿದ ದಿನ, ಮನೆ ನಂಬರು ಯಾವುದೂ ಆಗಬಾರದು. ನಮ್ಮಲ್ಲಿ ಯಾರಾದರೂ ಕೆಲಸ ಬಿಟ್ಟರೆ ಅದೇ ದಿನ ಬದಲಾಯಿಸಬೇಕು, ಇಲ್ಲದಿದ್ದರೂ ಗುಂಡಿ ಸವೆಯುವ ಮೊದಲೇ. ಅವಳು ಎಲ್ಲವನ್ನೂ ಎರಡೆರಡು ಸಲ ಕೇಳಿಸಿಕೊಂಡಳು. ಬೋಲ್ಟು ಬಿಗಿದ ಮೇಲೆ ಸುತ್ತಿಗೆಯಿಂದ ಹೊಡೆದು ತೋರಿಸಿ ಎಂದಳು. ಅವರು ಬೇಸರಿಸದೆ ಹೊಡೆದರು.

ಕ್ಲೈವ್ ಹಾಕಿದ್ದ ಜಾತಿಯ ಹಳೆಯ ಪೆಟ್ಟಿಗೆಯೊಂದನ್ನು ಗಾರ್ಬಟ್ ಆಫೀಸಿಗೂ ಒಯ್ದು, ಸವೆದ ಗುಂಡಿ ನೋಡಿಯೇ ನಂಬರು ಗೊತ್ತಿಲ್ಲದೆ ತೆರೆದು ತೋರಿಸಿದರು. ಆಮೇಲೆ ಆಫೀಸಿನವರು ನನ್ನನ್ನು ಆ ಮನೆಗೆ ವಾಪಸು ಕಳಿಸಿದರು. ಯಾರೂ ಕ್ಷಮೆ ಕೇಳಲಿಲ್ಲ.

ಹೊಸ ನಂಬರನ್ನು ಅವಳು ನಮಗೆ ಹೇಳಿದಳು, ಆಂಬುಲೆನ್ಸಿನವರ ಪುಸ್ತಕದಲ್ಲಿ ಬರೆಸಿದಳು. ತಮ್ಮನಿಗೆ ಹೇಳಲಿಲ್ಲ. ಕ್ಲೈವ್ ಭಾನುವಾರ ಆಲೂಗಡ್ಡೆಯ ಪ್ಯಾಟಿ, ಬಿಸಿಬಿಸಿ ಚಿಪ್ಸ್ ಕಟ್ಟಿಸಿಕೊಂಡು ಬಂದು ಗಂಟೆ ಒತ್ತುತ್ತಿದ್ದ. ಒಳಗೆ ನಮ್ಮಲ್ಲಿ ಯಾರಾದರೂ ಇದ್ದರೆ ತೆಗೆಯುತ್ತಿದ್ದೆವು. ಇಲ್ಲದಿದ್ದರೆ ಅವನು ಕಾರಿನಲ್ಲಿ ಕೂತು ಕಾಯುತ್ತಿದ್ದ, ಕಾಗದದೊಳಗೆ ಚಿಪ್ಸ್ ತಣ್ಣಗಾಗುತ್ತಿತ್ತು. ಅವಳು ಜಗಳವಾಡಲಿಲ್ಲ, ಅವನ ಜೊತೆ ಊಟ ಮಾಡುತ್ತಿದ್ದಳು, ನಗುತ್ತಿದ್ದಳು. ನಂಬರಿನ ಮಾತು ಬಂದರೆ ಟೀವಿಯ ದನಿ ಏರಿಸುತ್ತಿದ್ದಳು.

ಒಮ್ಮೆ ನಾನೇ ಕೇಳಿದೆ. "ಅವನು ಬೇಕಂತ ಮಾಡಿದ್ನಾ? ನಂಬರು ಹೇಳ್ಬಿಡೇ."

"ಬೇಕಂತ ಮಾಡ್ಲಿಲ್ಲ," ಎಂದಳು. "ಯೋಚ್ನೇನೇ ಮಾಡ್ಲಿಲ್ಲ. ಗೋಡೆ ನೋಡ್ತಾ ಕೂತವಳು ನಾನು ಕಣೇ, ಅವನಲ್ಲ." ಟೀವಿಯ ರಿಮೋಟ್ ಕೆಳಗಿಟ್ಟು, "ಹೇಳ್ತೀನಿ ಬಿಡು. ಕ್ರಿಸ್‌ಮಸ್ ಆಗ್ಲಿ," ಎಂದಳು.

ಕ್ರಿಸ್‌ಮಸ್ ಆಯಿತು. ಮರೆತಳೋ, ಮನಸ್ಸು ಬರಲಿಲ್ಲವೋ ತಿಳಿಯದು. ಜನವರಿಯ ಎರಡನೆಯ ಭಾನುವಾರ ಕ್ಲೈವ್ ಬಂದು ಗಂಟೆ ಒತ್ತಿದ, ಉತ್ತರ ಬರಲಿಲ್ಲ. ಉತ್ತರ ಬರದಿರುವುದು ಹೊಸದಲ್ಲ, ಅವಳಿಗೆ ಮಧ್ಯಾಹ್ನ ಜೋಂಪು ಹತ್ತುತ್ತಿತ್ತು. ಅವನು ಕಾರಿಗೆ ಹೋಗಿ ಕೂತ. ನಲವತ್ತು ನಿಮಿಷದ ಮೇಲೆ ನಾನು ಬಂದೆ. ಇಬ್ಬರೂ ಒಟ್ಟಿಗೆ ಒಳಗೆ ಹೋದೆವು. ಅವಳ ತುಟಿ ನೀಲಿಯಾಗಿತ್ತು, ಉಸಿರು ಗೊರಗೊರ ಎನ್ನುತ್ತಿತ್ತು. ಕಣ್ಣು ತೆರೆದೇ ಇತ್ತು, ಆದರೆ ನಮ್ಮನ್ನು ನೋಡಲಿಲ್ಲ.

ಎದೆಯಲ್ಲಿ ಕೀವು ಕಟ್ಟಿತ್ತು, ಎರಡು ದಿನದ ಹಿಂದೆಯೇ ಶುರುವಾಗಿರಬೇಕು, ಈ ಕಾಯಿಲೆಯವರಲ್ಲಿ ಹೊರಗೆ ಕಾಣುವುದಿಲ್ಲ ಎಂದರು ಆಸ್ಪತ್ರೆಯ ಡಾಕ್ಟರು. ನಲವತ್ತು ನಿಮಿಷ ಮೊದಲೇ ಒಳಗೆ ಹೋಗಿದ್ದರೆ ಎಂದು ಕ್ಲೈವ್ ಕೇಳಿದ. ಏನೂ ವ್ಯತ್ಯಾಸ ಆಗುತ್ತಿರಲಿಲ್ಲ ಎಂದರು. ಸ್ವಲ್ಪ ಹೊತ್ತಿನ ಮೇಲೆ ಅವನು ಅದೇ ಡಾಕ್ಟರನ್ನು ಹುಡುಕಿಕೊಂಡು ಹೋಗಿ ಅದೇ ಪ್ರಶ್ನೆ ಮತ್ತೆ ಕೇಳಿದ. ಮಂಗಳವಾರ ಬೆಳಿಗ್ಗೆ ಅವಳು ತೀರಿಕೊಂಡಳು. ಐವತ್ತೆಂಟು ವಯಸ್ಸು.

ಮನೆ ಖಾಲಿ ಮಾಡುವಾಗ ನಾನೂ ಜೊತೆಗಿದ್ದೆ. ಪೆಟ್ಟಿಗೆಯಿಂದ ಬೀಗದಕೈ ತೆಗೆಯಬೇಕಿತ್ತು. ನಂಬರು ಹೇಳಲೇ ಎಂದು ಕೇಳಿದೆ. ಬೇಡ ಜೆನಿಸ್, ನೀನೇ ತೆಗಿ ಎಂದು ಕ್ಲೈವ್ ಓಣಿಯ ಬಾಯಲ್ಲಿ ಬೆನ್ನು ತಿರುಗಿಸಿ ನಿಂತ. ನಾನು ತೆಗೆದುಕೊಟ್ಟೆ. ಅವನು ಅದನ್ನು ಮನೆ ಬಾಡಿಗೆಗೆ ಕೊಟ್ಟಿದ್ದ ಕೌನ್ಸಿಲ್ ಆಫೀಸಿಗೆ ಒಪ್ಪಿಸಿ ಬಂದ.

ಈಗಲೂ ಕೆಲವು ಭಾನುವಾರ ಅವನು ನನಗೆ ಫೋನು ಮಾಡುತ್ತಾನೆ. ಊಟ ಆಯ್ತಾ ಎನ್ನುತ್ತಾನೆ, ಆಯ್ತು ಎನ್ನುತ್ತೇನೆ, ಇಬ್ಬರೂ ಸ್ವಲ್ಪ ಹೊತ್ತು ಫೋನು ಹಿಡಿದುಕೊಂಡಿರುತ್ತೇವೆ.