ಏಕಾದಶಿಯ ಶೇಂಗಾ

ಅಣ್ಣನ ಕರುಳಿನ ಕ್ಯಾನ್ಸರ್ ಆಪರೇಶನ್ ಆದ ಮೇಲೆ ಡಾಕ್ಟರು ಅಕ್ಕನನ್ನೂ ನನ್ನನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದರು: ಒಡಹುಟ್ಟಿದವರಿಗೂ ಈ ಕ್ಯಾನ್ಸರ್ ಬರುವ ಸಂಭವ ಹೆಚ್ಚು, ತ್ರಾಸು ಇರಲಿ ಇಲ್ಲದಿರಲಿ ಕೊಲೊನೊಸ್ಕೊಪಿ ಮಾಡಿಸಿಕೊಳ್ಳಿ. ಹಿಂಬದಿಯಿಂದ ಕ್ಯಾಮೆರಾದ ನಳಿಗೆ ಬಿಟ್ಟು ದೊಡ್ಡ ಕರುಳನ್ನೆಲ್ಲ ನೋಡುವುದದು. ನಮ್ಮ ಕಡೆ ಜನ 'ದುರ್ಬೀನು' ಅಂತಾರೆ.

ನಾನು ಆಸ್ಪತ್ರೆಯಿದ್ದ ಸೋಲಾಪುರದಲ್ಲೇ ಇರುವವಳು, ಆ ತಿಂಗಳೇ ಮಾಡಿಸಿಕೊಂಡೆ. ಏನೂ ಇರಲಿಲ್ಲ. ಅಕ್ಕಲಕೋಟೆಯ ಅಕ್ಕ ಮಾತ್ರ ಜಗ್ಗಲಿಲ್ಲ.

"ನನಗೇನಾಗೇದ? ಮೂರು ರೊಟ್ಟಿ ತಿಂದು ಅರಗಿಸ್ತೀನಿ."

"ಅಣ್ಣಗೂ ಮೊದಲ ಏನೂ ಆಗಿದ್ದಿಲ್ಲಕ್ಕ."

ನಾಲ್ಕು ತಿಂಗಳು ಬೆನ್ನು ಹತ್ತಿದ ಮೇಲೆ ಒಪ್ಪಿದಳು. "ಏಕಾದಶಿ ಮರುದಿನ ಇಡು. ಹೆಂಗೂ ಏಕಾದಶಿ ದಿನ ನಾ ಊಟ ಮಾಡಂಗಿಲ್ಲ."

ನನಗೂ ಅದು ಸರಿ ಅನ್ನಿಸಿತು. ಏಕಾದಶಿ ಬೆಳಿಗ್ಗೆ ಅಕ್ಕ ಬಸ್ಸಿಳಿದು ಬಂದಳು, ಕೈಯಲ್ಲಿ ಶೇಂಗಾ ಉಂಡಿಯ ಡಬ್ಬಿ. ನಾನು ಉಪಾಸದ ಖಿಚಡಿಗೆ ಸಾಬೂದಾಣಿ, ಅಂದರೆ ಸಬ್ಬಕ್ಕಿ, ನೆನೆಹಾಕಿದ್ದೆ, ಶೇಂಗಾ ಹುರಿದು ತರಿತರಿ ಕುಟ್ಟಿಟ್ಟಿದ್ದೆ. ಕಾಳು, ಬೀಜ ಬೇಡ, ಹಿಂದಿನ ದಿನ ನೀರಾದ ಪದಾರ್ಥವಷ್ಟೇ ಎಂದು ಆಸ್ಪತ್ರೆಯವರು ಬರೆದುಕೊಟ್ಟ ಕಾಗದವನ್ನು ಫ್ರಿಜ್ಜಿನ ಬಾಗಿಲಿಗೇ ಅಂಟಿಸಿದ್ದೆ. ನನ್ನ ಸರದಿಯಲ್ಲಿ ಅದನ್ನು ಅಕ್ಷರ ಬಿಡದೆ ಪಾಲಿಸಿದವಳು ನಾನೇ. ಆದರೆ ಏಕಾದಶಿ ಅಂದರೆ ಕೈ ತನ್ನ ದಾರಿ ತಾನು ಹಿಡಿಯುತ್ತದೆ. ಇಬ್ಬರೂ ತಾಟು ತುಂಬ ಖಿಚಡಿ ತಿಂದೆವು, ಮೇಲೊಂದೊಂದು ಉಂಡಿ. ಸಂಜೆ ಹೊಟ್ಟೆ ತೊಳೆಯುವ ಔಷಧಿ ನೀರು ಕೊಟ್ಟರೆ, "ಸಮುದ್ರ ಕುಡಸಾಕತ್ತೀ ಏನ?" ಎಂದು ಬೈದಳು.

ಮರುದಿನ ಡಾಕ್ಟರು ಬೇಗನೆ ಹೊರಗೆ ಬಂದರು. "ಕಾಳಿನ ಚೂರು ಅಂಟಿಕೊಂಡಾವ. ಮುಂದಿನ ಅರ್ಧ ಕಾಣಲಿಲ್ಲ, ಮತ್ತೊಮ್ಮೆ ಮಾಡಬೇಕು. ಏನು ತಿಂದಿದ್ದರು?"

"ಉಪಾಸದ್ದು," ಅಂದೆ.

ಪಕ್ಕದಲ್ಲಿದ್ದ ನರ್ಸು ನಕ್ಕಳು. "ಮಾವಶಿ, ಪ್ರತಿ ಏಕಾದಶಿಗೆ ನಮಗ ಇದೇ ಕಥಿ."

ಎಚ್ಚರಾದ ಅಕ್ಕ, "ಕ್ಯಾಮೆರಾದಾಗ ನಿನ್ನ ಖಿಚಡಿ ಕಂಡಿತಂತಲ್ಲ. ಉಪ್ಪು ಕಡಿಮಿ ಆಗಿತ್ತಂತೇನು?" ಅಂದಳು. ನನಗೆ ನಗು ಬರಲಿಲ್ಲ. ಮತ್ತೆ ಬರುವ ಮಾತು ಅವಳೂ ಎತ್ತಲಿಲ್ಲ. ಅವಳನ್ನು ಬಸ್ಸು ಹತ್ತಿಸಿ ತಿರುಗಿ ಬರುವಾಗ ಒಂದೇ ಯೋಚನೆ: ಅಷ್ಟು ಕಾಡಿ ಕರೆತಂದು ನಾನೇ ಕೆಡಿಸಿದೆ. ಕಾಣದ ಆ ಅರ್ಧದಲ್ಲೇ ಅಣ್ಣನಿಗಾದಂಥದ್ದು ಕೂತಿದ್ದರೆ?

ಎಂಟು ದಿನ ಫೋನು ಮಾಡುವ ಧೈರ್ಯವಾಗಲಿಲ್ಲ. ಒಂಬತ್ತನೆಯ ದಿನ ಅವಳೇ ಮಾಡಿದಳು.

"ಅರ್ಧ ಮನಿ ಕಸ ಹೊಡದು ಕಸಬರಿಗಿ ಒಗದಂಗ ಆಗೇದ ನನಗ. ಉಳದ ಅರ್ಧದಾಗ ಏನದನೋ ಅಂತ ತಲ್ಯಾಗ ಅದ ಕೊರಿತದ. ತಾರೀಖು ತಗೋ. ಆದ್ರ ನಾ ಉಪವಾಸ ಇದ್ರ ನೀನೂ ಇರಬೇಕು."

ಈ ಸಲ ಪಂಚಾಂಗ ನೋಡಿ ಏಕಾದಶಿ ತಪ್ಪಿಸಿದೆ. ಶೇಂಗಾದ ಡಬ್ಬಿಯನ್ನು ಪಕ್ಕದ ಮನೆಗೆ ಕಳಿಸಿದೆ. ಮೊದಲು ಮೆತ್ತಗಿನ ಬಿಳಿ ಅನ್ನ, ಕೊನೆಯ ದಿನ ಎಳನೀರು, ಬೇಳೆಕಟ್ಟು, ಹಾಲಿಲ್ಲದ ಚಹಾ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ಕುಡಿದೆವು.

ಕರುಳು ಪೂರ್ತಿ ಕಂಡಿತು. ಹೋದ ಸಲ ಕಾಣದ ಭಾಗದಲ್ಲೇ ತೊಗರಿ ಬೇಳೆಯಷ್ಟು ಒಂದು ಗಂಟು. ಅದೇ ನಳಿಗೆಯಿಂದ ಅಲ್ಲೇ ಕತ್ತರಿಸಿ ತೆಗೆದರು. ಅಕ್ಕನಿಗೆ ಗೊತ್ತೇ ಆಗಲಿಲ್ಲ. ವಾರದ ಮೇಲೆ ರಿಪೋರ್ಟು ಬಂತು. ಕ್ಯಾನ್ಸರ್ ಅಲ್ಲ. ಹಾಗೇ ಬಿಟ್ಟಿದ್ದರೆ ವರ್ಷಗಳ ಮೇಲೆ ಆಗಬಹುದಾದ ಜಾತಿಯದು.

ರಿಪೋರ್ಟು ಹಿಡಿದು ಅಣ್ಣನ ಮನೆಗೆ ಹೋದೆವು. ಅತ್ತಿಗೆ ಮೊರದಲ್ಲಿ ಬೇಳೆ ಹಸನು ಮಾಡುತ್ತಿದ್ದರು. ಅಣ್ಣ ಕೇಳಿದ್ದು ಒಂದೇ: "ಎಷ್ಟಿತ್ತು?"

ಅಕ್ಕ ಮೊರದಿಂದ ಒಂದು ಬೇಳೆ ಎತ್ತಿ ಅವನ ಅಂಗೈಯಲ್ಲಿಟ್ಟಳು. ಅವನು ಅದನ್ನೇ ನೋಡುತ್ತ ಕೂತ.

"ನಂದೂ ಒಂದಿನ ಇಷ್ಟೇ ಇದ್ದಿರಬೇಕು," ಅಂದ.

ಬೇಳೆಯನ್ನು ಮತ್ತೆ ಮೊರಕ್ಕೆ ಹಾಕಿ ಅವನೇ ಹೇಳಿದ: "ಮಗಗ ಬರೂ ವರ್ಷ ನಲವತ್ತು ತುಂಬ್ತದ. ಅವಂದೂ ಆಗ ನೋಡಸ್ರಿ ಅಂದಾರ ಡಾಕ್ಟರು. ಏನು ತಿನಬೇಕು, ಏನು ಬಿಡಬೇಕು, ಬರದು ಕೊಡು."

ಮರಾಠಿ ಶಾಲೆಯಲ್ಲಿ ಕಲಿತ ಅಣ್ಣನ ಮಗನಿಗೆ ಕನ್ನಡ ಓದಲು ಬರುವುದಿಲ್ಲ; ಮರಾಠಿಯಲ್ಲೇ ಬರೆಯತೊಡಗಿದೆ. ಅಕ್ಕ ಹೆಗಲ ಮೇಲಿಂದ ಬಗ್ಗಿ ನೋಡಿದಳು.

"ಶೇಂಗಾ ಬ್ಯಾಡ ಅನ್ನೂದು ಎಲ್ಲಾಕಿಂತ ಮ್ಯಾಲ ಬರಿ. ದಪ್ಪಗ ಬರಿ."

ಬರೆದೆ. ಕೆಳಗೆ ಎರಡು ಗೆರೆಯನ್ನೂ ಎಳೆದೆ.