ಅಕ್ಕ ಕೊಟ್ಟ ನಂಬರು

ಅಕ್ಕ ಸೇಡಂನಿಂದ ವಾಡಿಗೆ ಬಂದಿಳಿದದ್ದು ಒಂದು ಮಧ್ಯಾಹ್ನ. ನಾನು ವಾಡಿ ಸ್ಟೇಷನ್ನಿನ ವಿಚಾರಣೆ ಕಿಟಕಿಯಲ್ಲಿ ಕೂರುವವಳು. ಸಾಲಿನಲ್ಲಿ ನಿಂತವರ ತಲೆಗಳ ಹಿಂದೆ ಅವಳ ಮುಖ ಕಂಡಾಗ ಯಾರನ್ನೋ ರೈಲು ಹತ್ತಿಸಲು ಬಂದಿರಬೇಕು ಅಂದುಕೊಂಡೆ. ಅವಳ ಕೈಯಲ್ಲಿ ಒಂದೇ ಚೀಲವಿತ್ತು. "ನಾಕ್ ದಿನ ನಿನ್ನ ಹತ್ರ ಇರ್ತೀನಿ," ಅಂದಳು. ಶಹಾಬಾದಿನಲ್ಲಿ ಅಪ್ಪ ಅವ್ವ ಇರುವಾಗ, ಮದುವೆಯಾಗದ ತಂಗಿಯ ಕ್ವಾರ್ಟರ್ಸಿಗೆ ಬಂದದ್ದೇಕೆ ಎಂದು ನಾನು ಕೇಳಲಿಲ್ಲ.

ಕೇಳಬೇಕಾಗಿಯೂ ಬರಲಿಲ್ಲ. ಕುಕ್ಕರ್ ಸೀಟಿ ಹೊಡೆದರೆ ಅವಳು ಗೋಡೆಗೆ ಅಂಟಿಕೊಳ್ಳುತ್ತಿದ್ದಳು. ಬಚ್ಚಲಿಗೆ ಹೋದರೆ ಬಾಗಿಲು ಪೂರಾ ಮುಚ್ಚುತ್ತಿರಲಿಲ್ಲ. ಪರದೆಯ ಹಿಂದೆ ಏನೂ ಇಲ್ಲವೆಂದು ಕೈಯಿಂದ ಮುಟ್ಟಿ ನೋಡಿದ ಮೇಲೆಯೇ ಕೋಣೆಯೊಳಗೆ ಕೂರುತ್ತಿದ್ದಳು. ಚಿಕ್ಕಂದಿನಲ್ಲಿ ಇವಳೇ ಹಿತ್ತಲಿನ ಹಾವನ್ನು ಕೋಲಿನಿಂದ ಎತ್ತಿ ಕಾಂಪೌಂಡಿನ ಆಚೆ ಎಸೆದವಳು. ನಾನು ಅವಳ ಬೆನ್ನ ಹಿಂದೆ ನಿಂತು ಅಳುತ್ತಿದ್ದೆ.

ಕಾರಣ ನನ್ನ ಫೋನಿಗೇ ಬಂತು. ಕಾಲೇಜಿನಲ್ಲಿ ನನ್ನ ಜೊತೆ ಓದಿದ ಗೆಳತಿಯೊಬ್ಬಳು ಚಿಂಚೋಳಿಯಲ್ಲಿದ್ದಾಳೆ. ಅವಳ ಗಂಡ ಮತ್ತು ನನ್ನ ಭಾವ ಒಂದೇ ವಾಟ್ಸಾಪ್ ಗುಂಪಿನವರು. ಅವಳು ಒಂದು ವಿಡಿಯೋ ಕಳಿಸಿ, "ಇದು ನಿಮ್ಮ ಅಕ್ಕ ಅಲ್ಲೇನ?" ಎಂದು ಕೇಳಿದ್ದಳು.

ವಿಡಿಯೋದಲ್ಲಿ ಅಕ್ಕ ಸೋಫಾದ ಮೇಲೆ ಮುದುಡಿ ಕೂತಿದ್ದಾಳೆ. ಟಿವಿಯಲ್ಲಿ ಒಂದು ಕೊಲೆಗಾರನ ಸಿನಿಮಾ. ಆ ಕೊಲೆಗಾರ ಜೇನು ಸಾಕುವವರು ಹಾಕುವ ಜಾಲರಿ ಟೋಪಿ ಹಾಕಿಕೊಂಡು ಜನರನ್ನು ಕಡಿಯುತ್ತಾನೆ. ಆ ಸರಣಿಯಲ್ಲಿ ಒಂಬತ್ತು ಭಾಗಗಳಿವೆ, ಎಲ್ಲವೂ ಹಿಂದಿಗೆ ಡಬ್ ಆಗಿವೆ. ಅಕ್ಕ ಕಣ್ಣು ಮುಚ್ಚಿಕೊಂಡ ಹೊತ್ತಿಗೆ ಸೋಫಾದ ಹಿಂದಿನಿಂದ ಅಂಥದೇ ಟೋಪಿ ಹಾಕಿದ ನನ್ನ ಭಾವ ಎದ್ದು ಬರುತ್ತಾನೆ. ಅಕ್ಕ ಕಿರುಚಿ ಕೆಳಗೆ ಬೀಳುತ್ತಾಳೆ, ಮೊಣಕೈ ಟೀಪಾಯಿಗೆ ಬಡಿಯುತ್ತದೆ. ಆಮೇಲೆ ಅವನ ನಗು. ಎದುರಿಗೆ ಒರಗಿಸಿಟ್ಟಿದ್ದ ಫೋನನ್ನು ಕೈಗೆತ್ತಿಕೊಂಡು ನಕ್ಕಿದ್ದಕ್ಕೆ ಚಿತ್ರವೆಲ್ಲ ಕುಣಿಯುತ್ತಿತ್ತು. ಕೆಳಗೆ ಬರೆದಿದ್ದ: ನಮ್ಮ ಮನಿ ಹೀರೋಯಿನ್, ಭಾಗ ನಾಲ್ಕು.

ಉಳಿದವನ್ನೂ ಕಳಿಸು ಎಂದು ಗೆಳತಿಗೆ ಹೇಳಿದೆ. ಬಚ್ಚಲ ಬಾಗಿಲಲ್ಲಿ, ಅಡುಗೆಮನೆಯಲ್ಲಿ, ತುಳಸಿಕಟ್ಟೆಯ ಹತ್ತಿರ, ಹೀಗೆ ಹನ್ನೊಂದು ಭಾಗ ಮಾಡಿದ್ದ. ಯಾವುದು ಎಲ್ಲಕ್ಕಿಂತ ಮೇಲು ಎಂದು ಗುಂಪಿನ ಗೆಳೆಯರು ಅವಕ್ಕೆ ನಂಬರು ಕೊಟ್ಟಿದ್ದರು. ಕುಕ್ಕರಿನದು ಮೊದಲನೆಯದು, ಬಚ್ಚಲಿನದು ಎರಡನೆಯದು. "ಮೂರನೇದ್ರಾಗ ಚೀರಾಟ ಕಮ್ಮಿ ಆತು," ಎಂದು ಒಬ್ಬ ದೂರಿದ್ದ. ಮುಂದಿನ ಸಲ ಸುಧಾರಿಸುವುದಾಗಿ ಭಾವ ಮಾತು ಕೊಟ್ಟಿದ್ದ.

ಭಾವ ಸೇಡಂನ ಒಂದು ಖಾಸಗಿ ಕಾಲೇಜಿನಲ್ಲಿ ಪಾಠ ಹೇಳುವವ. ಅವನ ಬಗ್ಗೆ ನಮ್ಮ ಬಳಗದಲ್ಲಿ ಎಲ್ಲರದೂ ಒಂದೇ ಮಾತು: ಭಾಳ ಜಾಲಿ ಮನುಷ್ಯ. ಮದುವೆಯ ಊಟದ ಸಾಲಿನಲ್ಲಿ ಅವ್ವನನ್ನೂ ನಗಿಸಿದ್ದ. ಆ ಹನ್ನೊಂದು ವಿಡಿಯೋ ನೋಡಿ ಮುಗಿಸಿದಾಗ ನನಗೆ ಅವನನ್ನು ಕೊಲ್ಲಬೇಕೆನಿಸಿತು. ಇದು ಮಾತಿಗೆ ಹೇಳುವುದಲ್ಲ. ಎಲ್ಲಿ, ಯಾವುದರಿಂದ ಎಂದೆಲ್ಲ ಯೋಚಿಸಿದೆ. ಡ್ಯೂಟಿಯಲ್ಲಿ ಕೂತು ಗುಂತಕಲ್ ಗಾಡಿ ಎಷ್ಟನೇ ಪ್ಲಾಟ್‌ಫಾರ್ಮ್ ಎಂದು ಹೇಳುತ್ತಲೇ ಯೋಚಿಸಿದೆ.

ಅಕ್ಕನಿಗೆ ತೋರಿಸಿದೆ. ತೋರಿಸಬಾರದಿತ್ತೇನೋ ಎಂದು ಭಯವಾಗಿತ್ತು. ಅವಳು ಎಲ್ಲವನ್ನೂ ನೋಡಿದಳು. ಅವನು ಚಿತ್ರ ತೆಗೆಯುವುದು ಅವಳಿಗೆ ಗೊತ್ತಿತ್ತು, ಗುಂಪಿಗೆ ಕಳಿಸುವುದು ಗೊತ್ತಿರಲಿಲ್ಲ. ಫೋನನ್ನು ನನ್ನ ಕೈಗೆ ಕೊಟ್ಟು ಕೇಳಿದಳು:

"ಆ ಸಿನಿಮಾ ನಿನ್ನ ಹತ್ರ ಸಿಗ್ತಾವೇನು?"

"ಯಾಕ?"

"ಒಂಬತ್ತೂ ನೋಡೀನಿ, ಒಂದರದ್ದೂ ಕೊನಿ ನೋಡಿಲ್ಲ. ಅಷ್ಟ್ರಾಗ ಅಂವ ಬಂದ್ಬಿಡ್ತಿದ್ದ. ಆ ಹುಡುಗ್ಯಾರು ಉಳೀತಾರೋ ಸಾಯ್ತಾರೋ, ಅದಾದ್ರೂ ಗೊತ್ತಾಗಬೇಕಲ್ಲ."

ಹೀಗೆ ನಮ್ಮ ನೋಡಾಟ ಶುರುವಾಯಿತು. ನನ್ನ ವಾರದ ರಜೆಯ ಮಧ್ಯಾಹ್ನಗಳಲ್ಲಿ, ಕಿಟಕಿ ಬಾಗಿಲು ಪೂರಾ ತೆರೆದಿಟ್ಟು ನೋಡುತ್ತಿದ್ದೆವು. ರಿಮೋಟು ಅವಳ ಕೈಯಲ್ಲಿ. ನಾನು ಅವಳ ಎದುರಿಗೆ, ಅವಳಿಗೆ ಕಾಣುವ ಹಾಗೆ ಕೂರಬೇಕು. ನೀರು ಕುಡಿಯಲು ಎದ್ದರೂ ಹೇಳಿಯೇ ಏಳಬೇಕು. ಹೊರಗೆ ಎದುರು ಮನೆಯವರು ಮೆಣಸಿನಕಾಯಿ ಹರವುತ್ತಿದ್ದರು, ಸಿಮೆಂಟಿನ ವ್ಯಾಗನ್ನುಗಳು ಒಂದಕ್ಕೊಂದು ಡಿಕ್ಕಿ ಹೊಡೆದುಕೊಂಡು ನಿಲ್ಲುತ್ತಿದ್ದವು. ಮೊದಲನೇ ಭಾಗ ನೋಡಿ ಮುಗಿಸಲು ಮೂರು ರಜೆ ಬೇಕಾಯಿತು. ಅವಳು ನಿಲ್ಲಿಸುವಳು, ಹೊರಗೆ ಹೋಗಿ ಮೆಣಸಿನಕಾಯಿ ತಿರುವಿ ಹಾಕುವಳು, ಬಂದು ಮತ್ತೆ ಹಚ್ಚುವಳು. ಕೊನೆಯಲ್ಲಿ ಹುಡುಗಿ ಕೊಲೆಗಾರನನ್ನು ಹಳೆ ಬಾವಿಗೆ ತಳ್ಳಿ ಮೇಲೆ ಕಲ್ಲು ಎಳೆದಳು. ಅಕ್ಕ ಉಸಿರು ಬಿಟ್ಟು, "ಉಳದ್ಲು," ಅಂದಳು. ಕಣ್ಣಲ್ಲಿ ನೀರಿತ್ತು.

ನಂಬರು ಕೊಡೋಣ ಅಂದದ್ದೂ ಅವಳೇ. "ಅವರಷ್ಟೇ ಕೊಡಬೇಕೇನು?" ಎಂದಳು. ನಮ್ಮ ನಡುಮನೆಗೆ ಶಹಾಬಾದ್ ಪರಸಿ ಹಾಕಿದೆ. ಆ ಕಪ್ಪು ಕಲ್ಲಿನ ಮೇಲೆ ಸೀಮೆಸುಣ್ಣ ಚೆನ್ನಾಗಿ ಮೂಡುತ್ತದೆ. ಒಂದೊಂದು ಸಿನಿಮಾ ಮುಗಿದಂತೆ ಅವಳು ಅದರ ಸ್ಥಾನ ಬರೆಯುವಳು, ಮುಂದಿನದು ಬಂದಾಗ ಒರೆಸಿ ಕೆಳಗೆ ಇಳಿಸುವಳು.

ನಮ್ಮಿಬ್ಬರದೂ ಒಂದೂ ಹೊಂದಲಿಲ್ಲ. ನನಗೆ ಆರನೆಯದೇ ಎಲ್ಲಕ್ಕಿಂತ ಮೇಲು. ಅದರಲ್ಲಿ ಮೂವರು ಹೆಂಗಸರು ಸೇರಿ ಆ ಜಾಲರಿಯವನನ್ನು ಮರಕೊಯ್ಯುವ ಕಾರ್ಖಾನೆಯಲ್ಲಿ ಕೂಡಿಹಾಕಿ ಕಡಿಯುತ್ತಾರೆ. ಅವನು ಸಾಯಲು ತೆಗೆದುಕೊಳ್ಳುವಷ್ಟು ಹೊತ್ತು ಬೇರೆ ಯಾವ ಭಾಗದಲ್ಲೂ ತೆಗೆದುಕೊಳ್ಳುವುದಿಲ್ಲ. ನಾನು ಅದನ್ನು ಎರಡು ಸಲ ಹಾಕಿ ನೋಡಿದೆ. ಆ ಜಾಲರಿಯೊಳಗೆ ನನಗೆ ಕಾಣುತ್ತಿದ್ದ ಮುಖ ಯಾವುದೆಂದು ಹೇಳಬೇಕಿಲ್ಲ. ಅಕ್ಕ ಆರನೆಯದನ್ನು ಏಳನೇ ಸ್ಥಾನದಲ್ಲಿಟ್ಟಳು.

"ಯಾಕಕ್ಕಾ? ಎಂಥಾ ಚಂದ ಕಡದಾರ ಅವನ್ನ!"

"ಕಡಿಯೋದು ಚಂದ ಅದ. ಆದ್ರ ಅಂವ ಮುಂದಿನದ್ರಾಗ ಮತ್ತ ಎದ್ದು ಬರ್ತಾನಲ್ಲ. ಕಡದು ಏನಾತು?"

ಅವಳು ಮೊದಲ ಸ್ಥಾನ ಕೊಟ್ಟದ್ದು ಯಾರೂ ಮೆಚ್ಚದ ಮೂರನೆಯದಕ್ಕೆ. ಅದರಲ್ಲಿ ರಕ್ತ ಕಡಿಮೆ. ಅರ್ಧ ಸಿನಿಮಾ ಒಬ್ಬ ನರ್ಸು ಊರಿನವರಿಗೆ, ಪೊಲೀಸರಿಗೆ, ತನ್ನ ಅಣ್ಣನಿಗೆ ನಡೆದದ್ದನ್ನು ಹೇಳುತ್ತ ತಿರುಗುತ್ತಾಳೆ, ಯಾರೂ ನಂಬುವುದಿಲ್ಲ. ಕಡೆಗೆ ಅವಳು ಹೇಳುವುದನ್ನು ಬಿಟ್ಟು ಅವರೆಲ್ಲರನ್ನೂ ಎಳೆದುಕೊಂಡು ಹೋಗಿ ತೋರಿಸುತ್ತಾಳೆ. ನನಗದು ಸಪ್ಪೆ ಎನಿಸಿತ್ತು. ಅಕ್ಕ ಅದರ ನಂಬರನ್ನು ಕೊನೆಯತನಕ ಅಳಿಸಲಿಲ್ಲ.

ನಾನು ಒಂದು ಯೋಜನೆ ಹಾಕಿದ್ದೆ. ಸೇಡಂಗೆ ಹೋಗಿ, ಅವನ ಮನೆಯೊಳಗೆ ಅಡಗಿ, ಅದೇ ಟೋಪಿ ಹಾಕಿ ಅವನನ್ನೇ ಹೆದರಿಸಿ ವಿಡಿಯೋ ಮಾಡುವುದು. ಅಕ್ಕ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು.

"ಅಂವ ಹೆದರಿದ್ರ ನನಗೇನು ಸಿಗ್ತದ? ಎರಡ್ ನಿಮಿಷಕ್ಕ ಎದ್ದು ನಗ್ತಾನ, ಛಲೋ ಮಜಾಕ್ ಮಾಡಿದ್ರಿ ಅಂತಾನ. ಅಂವ ನಗಬಾರದು. ಮತ್ತೆಂದೂ ನಗಬಾರದು, ಹಂಗ ಮಾಡಬೇಕು."

ಆ ಮಾತು ಹೇಳಿದಾಗಿನ ಅವಳ ಮುಖ ನೋಡಿ, ನನ್ನ ಸಿಟ್ಟು ಬರೀ ಸದ್ದಿನದೆಂದು ಅನಿಸಿತು.

ನಾಲ್ಕು ದಿನವೆಂದು ಬಂದವಳು ತಿಂಗಳುಗಟ್ಟಲೆ ಉಳಿದಾಗ ಅವಳ ಅತ್ತೆ ನಮ್ಮ ಅಪ್ಪನಿಗೆ ಫೋನು ಮಾಡಿದರು. ಹಿರಿಯರು ಕೂತು ಮಾತಾಡುವುದೆಂದಾಯಿತು. ಚಿತ್ತಾಪುರ ಎರಡೂ ಕಡೆಯವರಿಗೆ ನಡುವಿನ ಊರು, ಅಲ್ಲಿ ನಮ್ಮ ಸೋದರಮಾವನ ಮನೆಯಿದೆ. ಹೊರಡುವ ಮುಂಚೆ ಅಕ್ಕ ನನ್ನಿಂದ ಆ ವಿಡಿಯೋಗಳನ್ನೆಲ್ಲ ಒಂದು ಪೆನ್‌ಡ್ರೈವಿಗೆ ಹಾಕಿಸಿಕೊಂಡಳು, ಗೆಳೆಯರು ನಂಬರು ಕೊಟ್ಟ ಮಾತುಗಳ ಚಿತ್ರಗಳನ್ನೂ. ಹಿರಿಯರ ಮುಂದೆ ತೋರಿಸಲೇ ಎಂದು ಚಿಂಚೋಳಿಯ ಗೆಳತಿಯನ್ನು ಕೇಳಿದೆ. "ತೋರಸ್ರಿ, ನನ್ನ ಹೆಸರು ಬಂದ್ರೂ ಬರ್ಲಿ," ಅಂದಳು.

ಮಾವನ ಪಡಸಾಲೆಯಲ್ಲಿ ಮಾವ, ಅಪ್ಪ, ಅಕ್ಕನ ಅತ್ತೆ, ಭಾವ, ನಾವಿಬ್ಬರು. ಭಾವ ಪೇಢೆಯ ಡಬ್ಬಿ ತಂದಿದ್ದ. ಬಂದವನೇ ಮಾವನ ಹೊಸ ಕನ್ನಡಕದ ಬಗ್ಗೆ ಏನೋ ಹೇಳಿ ಅವರನ್ನು ನಗಿಸಿದ. ಆಮೇಲೆ ಗಂಭೀರವಾಗಿ ಅಪ್ಪನ ಕಡೆ ತಿರುಗಿದ.

"ನಾ ಎಂದಾದ್ರೂ ಇಕಿ ಮ್ಯಾಲ ಕೈ ಎತ್ತೀನೇನು ಕೇಳ್ರಿ. ಕುಡಿಯಂಗಿಲ್ಲ, ಬೈಯಂಗಿಲ್ಲ. ಜರಾ ಮಜಾಕ್ ಮಾಡ್ತೀನಿ. ಅಷ್ಟಕ್ಕ ಮನಿ ಬಿಟ್ಟು ಹೋಗೋದಂದ್ರ ಹೆಂಗ್ರಿ?"

ಅಪ್ಪ ಅಕ್ಕನನ್ನು ನೋಡಿದರು. "ಅವ್ರು ಹೇಳೋದು ಖರೇ ಏನವಾ? ಕೈ ಎತ್ತಿಲ್ಲೇನು?"

"ಎತ್ತಿಲ್ಲ," ಅಂದಳು ಅಕ್ಕ.

ಅಪ್ಪನ ಭುಜಗಳು ಸಡಿಲಾದವು. ಇನ್ನೇನು, ಹೋಗು ತಾಯಿ ಎನ್ನುವವರೇ ಇದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಎದ್ದು ಮಾವನ ಟಿವಿಗೆ ಪೆನ್‌ಡ್ರೈವ್ ಚುಚ್ಚಿದಳು.

"ಹತ್ತು ನಿಮಿಷ ನೋಡ್ರಿ. ಆಮ್ಯಾಲ ನೀವು ಹೇಳಿದಂಗ ಕೇಳ್ತೀನಿ."

ಮೊದಲ ಭಾಗ ಬಂದಾಗ ಭಾವ ನಕ್ಕ. ಅಭ್ಯಾಸದಿಂದ ಬಂದ ನಗು ಅದು. ಎರಡನೆಯದಕ್ಕೆ ನಗಲಿಲ್ಲ. ದೊಡ್ಡ ಪರದೆಯಲ್ಲಿ ಅಕ್ಕನ ಬಾಯಿ ತೆರೆದ ಮುಖ, ಅದರ ಮೇಲೆ ಅವನ ನಗುವಿನ ಸದ್ದು, ಮತ್ತೆ ಮುಖ, ಮತ್ತೆ ನಗು. ಕುಕ್ಕರಿನದರಲ್ಲಿ ಅವಳು ನೆಲಕ್ಕೆ ಕೂತು, "ಬ್ಯಾಡ್ರಿ, ಕೈ ಮುಗೀತೀನಿ," ಎಂದು ನಿಜವಾಗಿಯೂ ಕೈ ಮುಗಿಯುತ್ತಾಳೆ. ಅಪ್ಪ ಕಣ್ಣು ಮುಚ್ಚಿಕೊಂಡರು.

"ಕಣ್ಣ್ ತಗೀರಿ ಅಪ್ಪಾ," ಅಂದಳು ಅಕ್ಕ. "ನಾನೂ ಮುಚ್ಚತಿದ್ದೆ. ಮುಚ್ಚಿದ್ರ ಏನೂ ನಿಲ್ಲಂಗಿಲ್ಲ."

ಭಾವ ಪ್ಲಗ್ ಕೀಳಲು ಎದ್ದ. ಮಾವ ಕೂತಲ್ಲಿಂದಲೇ, "ಕುಂದ್ರಿ," ಅಂದರು. ಅವರು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅವನು ಕೂತ.

ಆರನೆಯ ವಿಡಿಯೋದಲ್ಲಿ ಅಕ್ಕ ಬಿದ್ದಿರುವಾಗ ಚಹಾದ ಕಪ್ಪು ಹಿಡಿದ ಒಂದು ಕೈ ಹಾದುಹೋಗುತ್ತದೆ, ಅತ್ತೆಯ ಬಳೆಗಳ ಕೈ. ಅದು ನಿಲ್ಲುವುದಿಲ್ಲ. ಪಡಸಾಲೆಯಲ್ಲಿ ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಎಲ್ಲ ಮುಗಿದ ಮೇಲೆ ಗೆಳೆಯರ ಮಾತುಗಳು ಬಂದವು. ಅಕ್ಕ ಒಂದೊಂದನ್ನೂ ಗಟ್ಟಿಯಾಗಿ ಓದಿದಳು. ಆಮೇಲೆ ಅತ್ತೆಯ ಮುಂದೆ ಹೋಗಿ ನಿಂತಳು.

"ಇವ್ರ ದೋಸ್ತರು ನಂಬರ್ ಕೊಟ್ಟಾರ, ಅತ್ತಿ. ನೀವೂ ಕೊಡ್ರಿ. ಯಾವುದ್ರಾಗ ನಾ ಛಲೋ ಚೀರೀನಿ?"

ಅತ್ತೆ ಮಗನ ಕಡೆ ನೋಡಿದರು.

"ಅಪ್ಪಾ, ನೀವು ಹೇಳ್ರಿ."

ಅಪ್ಪ ಎದ್ದು ಹೊರಗೆ ಹೋದರು. ಕಟ್ಟೆಯ ಮೇಲೆ ನೀರು ಚೆಲ್ಲಿ ಮುಖ ತೊಳೆದ ಸದ್ದು ಕೇಳಿತು. ಒಳಗೆ ಬಂದು ಅವರು ನೇರ ಭಾವನ ಮುಂದೆ ನಿಂತರು. ಅಪ್ಪ ಪೂಜೆ, ಪಾಠ, ಮಡಿಯ ಮನುಷ್ಯ. ಮನೆಮಕ್ಕಳನ್ನು ಬಿಟ್ಟರೆ ಜೀವನದಲ್ಲಿ ಯಾರನ್ನೂ ಏಕವಚನದಲ್ಲಿ ಮಾತಾಡಿಸಿದವರಲ್ಲ. "ಏಳು," ಅಂದರು. "ನಿಮ್ಮ ತಾಯೀನ ಕರಕೊಂಡು ನಡಿ. ನನ್ನ ಮಗಳು ಬರಂಗಿಲ್ಲ." ಪೇಢೆಯ ಡಬ್ಬಿಯನ್ನು ಮಾವ ತಾವೇ ಎತ್ತಿ ಅವನ ಕೈಗೆ ಕೊಟ್ಟರು. ಅವನು ಚಪ್ಪಲಿಯನ್ನು ಅದಲುಬದಲಾಗಿ ಮೆಟ್ಟಿಕೊಂಡು ಹೊರಟ. ನಾನು ಅದನ್ನು ಕಣ್ತುಂಬ ನೋಡಿದೆ.

ನನಗೆ ಅಷ್ಟೇ ಸಾಕಿತ್ತು. ಅಕ್ಕನಿಗೆ ಸಾಲಲಿಲ್ಲ. ಮರುದಿನ ಸೇಡಂ ಠಾಣೆಗೆ ಹೋಗಿ ದೂರು ಕೊಟ್ಟಳು; ನಾನು ಜೊತೆಗಿದ್ದೆ. ಮನೆಗೆ ಬಂದು, ನಂಬರು ಕೊಟ್ಟಿದ್ದ ಗೆಳೆಯರಿಗೆ ಒಬ್ಬೊಬ್ಬರಿಗೂ ಫೋನು ಮಾಡಿದಳು. ಬೈಯಲಿಲ್ಲ. "ನಮಸ್ಕಾರ್ರಿ. ನಾನು ಹೀರೋಯಿನ್ ಮಾತಾಡ್ಲಿಕತ್ತೀನಿ. ನೀವು ಬಚ್ಚಲದ್ದಕ್ಕ ಎರಡನೇ ನಂಬರ್ ಕೊಟ್ಟೀರಿ. ಯಾಕ್ ಕೊಟ್ರಿ, ಜರಾ ಹೇಳ್ರಿ." ಒಬ್ಬ ಕೂಡಲೇ ಕಟ್ ಮಾಡಿದ. ಒಬ್ಬ ತಪ್ಪು ನಂಬರು ಅಂದ. ಅವಳು ಮತ್ತೆ ಮಾಡಿದಳು, ಈ ಸಲ ಅವನ ಹೆಂಡತಿ ಎತ್ತಿದಳು, ಅಕ್ಕ ಅವಳಿಗೂ ಅದನ್ನೇ ಹೇಳಿದಳು. ಒಬ್ಬ ಅತ್ತುಬಿಟ್ಟ. "ಅಳಬ್ಯಾಡ್ರಿ, ಕಾರಣ ಹೇಳ್ರಿ," ಎಂದು ಇವಳು ಪಟ್ಟು ಹಿಡಿದಳು. ಆ ಸಂಜೆ ನನಗೆ ಅವಳ ಬಗ್ಗೆ ಸಣ್ಣ ಭಯವೇ ಆಯಿತು, ಜೊತೆಗೆ ಹೇಳಲಾರದಷ್ಟು ಹೆಮ್ಮೆ.

ಆ ಗುಂಪು ಒಡೆಯಿತು. ಭಾವ ಕಾಲೇಜು ಬಿಟ್ಟನೆಂದು ಕೇಳಿದೆವು. ಬಿಡಿಸಿದರೋ ತಾನೇ ಬಿಟ್ಟನೋ ಗೊತ್ತಿಲ್ಲ. ವಿಚ್ಛೇದನಕ್ಕೆ ತಕರಾರಿಲ್ಲದೆ ಸಹಿ ಹಾಕಿದ. ಅಕ್ಕ ಈಗ ನಾಲವಾರದ ಒಂದು ಸಣ್ಣ ಶಾಲೆಯಲ್ಲಿ ಪಾಠ ಹೇಳುತ್ತಾಳೆ, ದಿನಾ ರೈಲಿನಲ್ಲಿ ಹೋಗಿ ಬರುತ್ತಾಳೆ. ಕುಕ್ಕರ್ ಸೀಟಿಗೆ ಇಂದಿಗೂ ಒಮ್ಮೊಮ್ಮೆ ಬೆಚ್ಚುತ್ತಾಳೆ. ಅದನ್ನು ನೋಡಿದಾಗಲೆಲ್ಲ ಅವನಿಗೆ ಆದದ್ದು ಸಾಲದು ಎನಿಸುತ್ತದೆ.

ಕಳೆದ ಬೇಸಿಗೆಯಲ್ಲಿ ಅವನು ನನ್ನ ಕಿಟಕಿಗೆ ಬಂದ. ತಲೆ ಬಗ್ಗಿಸಿ, "ಸೊಲ್ಲಾಪುರದ ಕಡಿ ಗಾಡಿ..." ಎಂದು ಬಾಯಿ ತೆರೆದವನು ನನ್ನನ್ನು ಕಂಡ. ನಾನು ಬೇರೆಯವರಿಗೆ ಹೇಳುವ ಹಾಗೆಯೇ, "ಕೇಳ್ರಿ," ಅಂದೆ. ಅವನು ಮಾತು ಮುಗಿಸಲಿಲ್ಲ. ಸಾಲು ಬಿಟ್ಟು ಸೇತುವೆ ಹತ್ತಿ ಅತ್ತ ಕಡೆಯ ಪ್ಲಾಟ್‌ಫಾರ್ಮಿಗೆ ಹೋಗಿ ನಿಂತ. ಅವನ ಗಾಡಿ ಇತ್ತ ಕಡೆ ಬಂದು ನಿಂತು ಹೊರಟಿತು. ಬ್ಯಾಗು ಎತ್ತಿಕೊಂಡು ಅವನು ಸೇತುವೆಯ ಮೇಲೆ ಓಡುವುದನ್ನು ನಾನು ಗಾಜಿನ ಹಿಂದಿನಿಂದ ನೋಡುತ್ತಿದ್ದೆ. ಮನಸ್ಸಿಗೆ ತಂಪಾಯಿತು.

ಸಂಜೆ ಅಕ್ಕನಿಗೆ ಹೇಳಿದೆ. ಅವಳು ಮಕ್ಕಳ ಉತ್ತರ ಪತ್ರಿಕೆ ತಿದ್ದುತ್ತಿದ್ದಳು.

"ಮುಂದಿನ ಗಾಡಿ ಎಷ್ಟೊತ್ತಿಗಿತ್ತು?" ಎಂದು ಕೇಳಿದಳು.

"ತಾಸುಗಟ್ಟಲೆ ಯಾವ ಗಾಡೀನೂ ಇರಲಿಲ್ಲ. ಅಲ್ಲೇ ಬಿಸಿಲಾಗ ಕುಂತಿದ್ದ."

ಅವಳು ಕೆಂಪು ಪೆನ್ನು ಕೆಳಗಿಟ್ಟು, ಬಹಳ ದಿನಗಳ ಮೇಲೆ, ಹೊಟ್ಟೆ ಹಿಡಿದುಕೊಂಡು ನಕ್ಕಳು.